ತಿದ್ದುಪಡಿ ತಲುಪದ ಸುದ್ದಿ: ಫೀಡ್, ಫಾರ್ವರ್ಡ್, ಆ್ಯಗ್ರಿಗೇಟರ್‌ಗಳ ವಿಮರ್ಶೆ

ಫೇಸ್‌ಬುಕ್, ಎಕ್ಸ್ (ಹಿಂದಿನ ಟ್ವಿಟರ್), ವಾಟ್ಸ್‌ಆ್ಯಪ್, ಯೂಟ್ಯೂಬ್, ಹಲವು ಪತ್ರಿಕೆಗಳ ಸುದ್ದಿಯನ್ನು ಒಂದೆಡೆ ಕೂಡಿಸಿ ತೋರಿಸುವ ಆ್ಯಗ್ರಿಗೇಟರ್‌ಗಳಾದ ಗೂಗಲ್ ನ್ಯೂಸ್, ಆ್ಯಪಲ್ ನ್ಯೂಸ್. ಇವು ಯಾವುವೂ ತಮ್ಮನ್ನು ಪತ್ರಿಕೆ ಎಂದು ಕರೆದುಕೊಳ್ಳುವುದಿಲ್ಲ. ಆದರೂ ದಿನದ ಸುದ್ದಿಗೆ ಬಹಳಷ್ಟು ಜನ ಮೊದಲು ತೆರೆಯುವುದು ಇವನ್ನೇ. ಹಾಗಾಗಿ ಇಲ್ಲಿ ಇವನ್ನು ಸುದ್ದಿ ಸೇವೆಗಳೆಂದೇ ತೂಗಲಾಗಿದೆ. ವಿನ್ಯಾಸ ಹೇಗಿದೆ, ಆ್ಯಪ್ ಎಷ್ಟು ಚುರುಕಾಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದರಲ್ಲಿ ಎಲ್ಲವೂ ಪಾಸು. ಅಳತೆಗೋಲು ಒಂದೇ: ಬೆಳಿಗ್ಗೆ ಓದಿದ ಸುದ್ದಿ ಮಧ್ಯಾಹ್ನದ ಹೊತ್ತಿಗೆ ತಪ್ಪೆಂದು ಗೊತ್ತಾದರೆ, ಆ ತಿದ್ದುಪಡಿ ಬೆಳಿಗ್ಗೆ ಓದಿದವರಿಗೆ ತಲುಪುತ್ತದೆಯೇ?

ಬೇಕೆಂದೇ ಹಬ್ಬಿಸುವ ಸುಳ್ಳಿನ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅದಕ್ಕಿಂತ ದಿನನಿತ್ಯ ಕಾಡುವುದು ಪ್ರಾಮಾಣಿಕವಾಗಿಯೇ ಬರೆದ, ಆಮೇಲೆ ಬದಲಾದ ಸುದ್ದಿ. ಅಪಘಾತದ ಮೊದಲ ಗಂಟೆಯಲ್ಲಿ ಬಂದ ಸಾವಿನ ಸಂಖ್ಯೆ ಸಂಜೆಗೆ ಬೇರೆಯಾಗಿರುತ್ತದೆ. ಶಂಕಿತನ ಹೆಸರು, ಚಂಡಮಾರುತ ದಡ ಮುಟ್ಟುವ ಜಾಗ, ನ್ಯಾಯಾಲಯದ ಆದೇಶದ ನಿಖರ ಪದ, ಎಲ್ಲವೂ ಹಾಗೆಯೇ. ಸುದ್ದಿಮನೆಯ ಡೆಸ್ಕಿನವರಿಗೆ ಇದು ಹೊಸದಲ್ಲ. ಜಾಲತಾಣದಲ್ಲಿ ಹಾಕಿದ ವರದಿಯನ್ನು ದಿನವಿಡೀ ತಿದ್ದುತ್ತಿರುತ್ತಾರೆ, ತಲೆಬರಹ ಬದಲಿಸುತ್ತಾರೆ, ತಪ್ಪಾಗಿದ್ದರೆ ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಾರೆ. ಮುದ್ರಿತ ಪತ್ರಿಕೆಯಾದರೆ ಮರುದಿನ ಅದೇ ಓದುಗರ ಕೈಗೆ ಅದೇ ಪತ್ರಿಕೆ ಬರುತ್ತದೆ, ತಿದ್ದುಪಡಿಯೂ ಅದರೊಳಗೇ ಇರುತ್ತದೆ. ಆ್ಯಪ್ ತೆರೆದಾಗ ಒಂದರ ಕೆಳಗೊಂದು ಪೋಸ್ಟ್ ಬರುವ ಫೀಡಿನಲ್ಲಿ ಈ ಕೊಂಡಿ ಕಳಚಿಹೋಗುತ್ತದೆ. ಎಲ್ಲಿ ಕಳಚುತ್ತದೆ ಎಂಬುದನ್ನು ತುಸು ಹತ್ತಿರದಿಂದ ನೋಡೋಣ.

ಪ್ರಿವ್ಯೂ ಕಾರ್ಡಿನ ದೋಷ

ಲಿಂಕ್ ಹಂಚಿದಾಗ ಚಿತ್ರ, ತಲೆಬರಹ, ಎರಡು ಸಾಲಿನ ಸಾರ ಇರುವ ಚೌಕವೊಂದು ಮೂಡುತ್ತದಲ್ಲ, ಅದೇ ಪ್ರಿವ್ಯೂ ಕಾರ್ಡ್. ಹೆಚ್ಚಿನವರು ಓದುವುದು ಅಷ್ಟನ್ನೇ. ಅದರಲ್ಲಿರುವುದು ಸುದ್ದಿಯ ಪುಟವಲ್ಲ, ಪುಟದ ಕೋಡ್‌ನಲ್ಲಿ ಯಂತ್ರಗಳಿಗೆಂದು ಬರೆದಿಟ್ಟ ಓಪನ್ ಗ್ರಾಫ್ ಟ್ಯಾಗ್‌ಗಳ ನಕಲು. ಶೀರ್ಷಿಕೆಗೊಂದು ಟ್ಯಾಗ್, ವಿವರಣೆಗೊಂದು, ಚಿತ್ರಕ್ಕೊಂದು. ಲಿಂಕ್ ಮೊದಲ ಸಲ ಕಣ್ಣಿಗೆ ಬಿದ್ದಾಗ ಫೇಸ್‌ಬುಕ್ ಈ ಮೂರನ್ನೂ ಎತ್ತಿಕೊಂಡು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುತ್ತದೆ. ಪತ್ರಿಕೆ ತನ್ನ ಪುಟದಲ್ಲಿ ತಲೆಬರಹ ತಿದ್ದಿದ ಕೂಡಲೇ ಕಾರ್ಡ್ ಬದಲಾಗುವುದಿಲ್ಲ. ಬದಲಾಗಲೇಬೇಕೆಂದರೆ ಪತ್ರಿಕೆಯವರು ಶೇರಿಂಗ್ ಡೀಬಗರ್ ಎಂಬ ಉಪಕರಣ ತೆರೆದು, ಲಿಂಕ್ ಅಂಟಿಸಿ, ‘ಸ್ಕ್ರೇಪ್ ಅಗೇನ್’ ಒತ್ತಬೇಕು. ರಾತ್ರಿಪಾಳಿಯಲ್ಲಿ ಒಬ್ಬರೇ ಉಪಸಂಪಾದಕರು ಕೂತಿರುವ ಡೆಸ್ಕಿನಲ್ಲಿ ಇದಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು? ಇನ್ನೊಂದು ತೊಡಕೂ ಇದೆ. ಅನೇಕ ಪ್ರಕಟಣಾ ತಂತ್ರಾಂಶಗಳಲ್ಲಿ ಪುಟದ ತಲೆಬರಹಕ್ಕೆ ಒಂದು ಖಾನೆ, ಸೋಷಿಯಲ್ ಮೀಡಿಯಾ ತಲೆಬರಹಕ್ಕೆ ಇನ್ನೊಂದು ಖಾನೆ. ಮೊದಲನೆಯದನ್ನು ತಿದ್ದಿ ಎರಡನೆಯದನ್ನು ಹಾಗೇ ಬಿಡುವುದು ಸುದ್ದಿಮನೆಗಳಲ್ಲಿ ಮಾಮೂಲು.

ವಾಟ್ಸ್‌ಆ್ಯಪ್‌ನಲ್ಲಂತೂ ಇದಕ್ಕೆ ದಾರಿಯೇ ಇಲ್ಲ. ಸಂದೇಶ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುವುದರಿಂದ (ಕಳಿಸಿದವರು, ಪಡೆದವರ ಹೊರತು ಬೇರಾರೂ ಓದಲಾಗದು) ಅಲ್ಲಿ ಕಾರ್ಡ್ ತಯಾರಿಸುವುದು ಸರ್ವರ್ ಅಲ್ಲ, ಕಳಿಸುವವರ ಫೋನು. ಲಿಂಕ್ ಅಂಟಿಸಿದ ಕ್ಷಣದಲ್ಲಿ ಇದ್ದ ತಲೆಬರಹವೂ ಚಿತ್ರವೂ ಸಂದೇಶದ ಒಳಗೇ ಸೇರಿಕೊಂಡು ಹೋಗುತ್ತವೆ. ಪತ್ರಿಕೆ ಮೂಲ ಪುಟವನ್ನು ಅಳಿಸಿಯೇ ಬಿಟ್ಟರೂ ಗುಂಪುಗಳಲ್ಲಿ ಹಳೆಯ ತಲೆಬರಹ ಜೀವಂತ. ಸ್ಕ್ರೀನ್‌ಶಾಟ್ ಇದಕ್ಕಿಂತ ಕಡೆ: ಲಿಂಕೂ ಇಲ್ಲ, ತಾರೀಖೂ ಇಲ್ಲ, ಎಷ್ಟೋ ಸಲ ಪತ್ರಿಕೆಯ ಹೆಸರೂ ಕತ್ತರಿಸಿಹೋಗಿರುತ್ತದೆ.

ತಲೆಬರಹವನ್ನಷ್ಟೇ ನೋಡಿ ಮುಂದೆ ದಾಟಿಸುವವರು ಎಷ್ಟು ಮಂದಿ? ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಟ್ವಿಟರ್‌ನ ಲಿಂಕುಗಳನ್ನು ಪರಿಶೀಲಿಸಿದಾಗ, ಹಂಚಿಕೆಯಾದವುಗಳಲ್ಲಿ ಶೇ 59ರಷ್ಟನ್ನು ಒಬ್ಬರೂ ಕ್ಲಿಕ್ ಮಾಡಿರಲಿಲ್ಲ. ಫೇಸ್‌ಬುಕ್ ಬಗ್ಗೆ 2024ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಲಿಂಕ್ ತೆರೆಯದೆಯೇ ಮಾಡಿದ ಹಂಚಿಕೆಯ ಪಾಲು ಸುಮಾರು ಶೇ 75. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ! 2020ರ ಜೂನ್‌ನಲ್ಲಿ ಟ್ವಿಟರ್ ‘ಹಂಚುವ ಮೊದಲು ಓದುತ್ತೀರಾ?’ ಎಂದು ಕೇಳುವ ಒಂದು ಸಣ್ಣ ತಡೆಯನ್ನು ಪ್ರಯೋಗಕ್ಕೆ ತಂದಿತು. ಇಡೀ ಉದ್ಯಮ ಇಷ್ಟು ವರ್ಷಗಳಲ್ಲಿ ಓದುಗರಿಗೆ ಮಾಡಿದ ಅತಿ ಕಡಿಮೆ ಖರ್ಚಿನ, ಅತಿ ಸಭ್ಯ ಉಪಕಾರಗಳಲ್ಲಿ ಅದೂ ಒಂದು.

ವೇಗದ ಲೆಕ್ಕವೂ ತಿದ್ದುಪಡಿಗೆ ವಿರುದ್ಧವಾಗಿಯೇ ಇದೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಸರಣಿಗಳನ್ನು ಎಂಐಟಿ ಸಂಶೋಧಕರು ಪರಿಶೀಲಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಯಿತು. ಕಾರಣ ಬಾಟ್ ಎಂಬ ಸ್ವಯಂಚಾಲಿತ ಖಾತೆಗಳಲ್ಲ, ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಹೆಚ್ಚು. ತಿದ್ದುಪಡಿ ಎಂಬುದು ಸ್ವಭಾವತಃ ಹಳಸಿದ ವಿಷಯ. ‘ನಿನ್ನೆ ಹೇಳಿದ 12 ತಪ್ಪು, ಸರಿ ಸಂಖ್ಯೆ 9’ ಎಂಬ ಸಾಲನ್ನು ಯಾರು ಶೇರ್ ಮಾಡುತ್ತಾರೆ?

ಫೇಸ್‌ಬುಕ್: ಕ್ರಮ ನಿಮ್ಮದಲ್ಲ, ಸ್ವಿಚ್ಚೂ ನಿಮ್ಮದಲ್ಲ

2006ರ ಸೆಪ್ಟೆಂಬರ್‌ನಲ್ಲಿ ನ್ಯೂಸ್ ಫೀಡ್ ಬಂತು, 2009ರಲ್ಲಿ ಲೈಕ್ ಗುಂಡಿ. ಆಮೇಲೆ ಯಾವ ಪೋಸ್ಟ್ ಮೇಲೆ, ಯಾವುದು ಕೆಳಗೆ ಎಂಬುದನ್ನು ಅಂಕಗಳೇ ತೀರ್ಮಾನಿಸುತ್ತ ಬಂದವು. 2017ರಲ್ಲಿ ಎಮೊಜಿ ಪ್ರತಿಕ್ರಿಯೆಗೆ ಲೈಕಿನ ಐದು ಪಟ್ಟು ತೂಕ ಕೊಟ್ಟಿದ್ದರು, ಸಿಟ್ಟಿನ ಮುಖವೂ ಸೇರಿ. ಸಿಟ್ಟು ಬರಿಸುವ ಪೋಸ್ಟುಗಳಲ್ಲಿ ತಪ್ಪು ಮಾಹಿತಿ ಹೆಚ್ಚಿರುತ್ತದೆ ಎಂದು ಕಂಪನಿಯ ಒಳಗಿನವರೇ ಎಚ್ಚರಿಸಿದ್ದು, 2020ರ ಸೆಪ್ಟೆಂಬರ್ ಹೊತ್ತಿಗೆ ಆ ಮುಖದ ತೂಕವನ್ನು ಸೊನ್ನೆಗೆ ಇಳಿಸಿದ್ದು, 2021ರಲ್ಲಿ ದಾಖಲೆಗಳು ಹೊರಬಿದ್ದಾಗ ಜಗತ್ತಿಗೆ ತಿಳಿಯಿತು. ಆ ತೂಕ ಇಳಿಯುವವರೆಗೆ, ಮುಖಪುಟದ ಲೀಡ್ ಯಾವುದಾಗಬೇಕು ಎಂಬುದನ್ನು ಓದುಗರ ಕೋಪ ನಿರ್ಧರಿಸುತ್ತಿತ್ತು. ಯಾವ ಪತ್ರಿಕೆಯ ಸಂಪಾದಕರೂ ಇಂಥದ್ದೊಂದು ನಿಯಮ ಬರೆದಿಟ್ಟು ಕೆಲಸದಲ್ಲಿ ಉಳಿಯಲಾರರು.

ಮನುಷ್ಯ ಸಂಪಾದಕರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು, ಆ ಹೊತ್ತಿಗೆ ಹೆಚ್ಚು ಚರ್ಚೆಯಲ್ಲಿರುವ ವಿಷಯಗಳ ಪಟ್ಟಿ ಕೊಡುತ್ತಿದ್ದ ಟ್ರೆಂಡಿಂಗ್ ವಿಭಾಗ ತೋರಿಸಿಕೊಟ್ಟಿತು. 2016ರ ಆಗಸ್ಟ್ ಕೊನೆಯಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರನ್ನು ತೆಗೆದು ಯಂತ್ರಕ್ಕೆ ಬಿಟ್ಟರು. ಅಮೆರಿಕದ ಟಿ.ವಿ. ನಿರೂಪಕಿಯೊಬ್ಬರನ್ನು ಅವರ ಚಾನೆಲ್ ವಜಾ ಮಾಡಿತು ಎಂಬ ಕಟ್ಟುಕಥೆ ಕೆಲವೇ ದಿನಗಳಲ್ಲಿ ಅಲ್ಲಿ ಮೇಲೇರಿ ಕೂತಿತು. 2018ರಲ್ಲಿ ವಿಭಾಗವನ್ನೇ ಮುಚ್ಚಿದರು.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ: ಸುದ್ದಿ ಇರಬೇಕೋ ಬೇಡವೋ ಎಂಬುದೇ ಕಂಪನಿಯ ಮರ್ಜಿ. 2021ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಸುಮಾರು ಒಂದು ವಾರ ಸುದ್ದಿಯನ್ನು ತಡೆದಾಗ ಹವಾಮಾನ ಇಲಾಖೆ, ಆರೋಗ್ಯ ಇಲಾಖೆಗಳ ಪುಟಗಳೂ ಅದರಲ್ಲಿ ಸಿಕ್ಕಿಬಿದ್ದು ಖಾಲಿಯಾದವು. ಕೆನಡಾದಲ್ಲಿ ಸುದ್ದಿ ಸಂಸ್ಥೆಗಳಿಗೆ ಹಣ ಕೊಡಬೇಕೆಂಬ ಕಾನೂನು ಬಂದಾಗ, 2023ರ ಆಗಸ್ಟ್‌ನಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲೂ ಸುದ್ದಿ ಲಿಂಕುಗಳು ಬಂದ್. ಅದೇ ತಿಂಗಳು ಕಾಳ್ಗಿಚ್ಚಿನಿಂದಾಗಿ ಯೆಲ್ಲೋನೈಫ್ ಪಟ್ಟಣದ ಸುಮಾರು 20,000 ಜನ ಊರು ಬಿಡಬೇಕಾಯಿತು. ಲಿಂಕ್ ಹಾಕಲಾಗದ ಜನ ಸುದ್ದಿಯ ಸ್ಕ್ರೀನ್‌ಶಾಟ್ ಹಂಚತೊಡಗಿದರು. ಗಂಟೆಗಂಟೆಗೂ ಬದಲಾಗುವ ತೆರವಿನ ಸೂಚನೆ, ರಸ್ತೆಯ ಸ್ಥಿತಿ, ಬೆಂಕಿಯ ಅಂಚು, ಇವೆಲ್ಲ ಒಮ್ಮೆ ತೆಗೆದ ಚಿತ್ರವಾಗಿ ಹೆಪ್ಪುಗಟ್ಟಿದರೆ ಅದರಿಂದ ಆಗುವ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಬಳಸಲೇಬೇಕು ಅನ್ನುವವರು ಮಾಡಬಹುದಾದದ್ದು ಇಷ್ಟು: ಮೆನು ತೆರೆದು ‘ಫೀಡ್ಸ್’ ಆರಿಸಿ, 2022ರಲ್ಲಿ ಬಂದ ಈ ಟ್ಯಾಬ್‌ನಲ್ಲಿ ಪೋಸ್ಟುಗಳು ಸಮಯದ ಕ್ರಮದಲ್ಲಿ ಬರುತ್ತವೆ, ಶಿಫಾರಸು ಇರುವುದಿಲ್ಲ. ಆದರೆ ಆ್ಯಪ್ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ತೆರೆದಾಗಲೂ ಹೋಮ್‌ಗೇ ತಂದು ನಿಲ್ಲಿಸುತ್ತದೆ. ಇದು ತಾಂತ್ರಿಕ ಮಿತಿ ಅಂತ ನಂಬುವುದು ಕಷ್ಟ. ಸುದ್ದಿಗೆ ಐದರಲ್ಲಿ ಒಂದು ಅಂಕ.

ಎಕ್ಸ್: ಒಂದು ಒಳ್ಳೆಯ ಗುಣ, ಹಲವು ಕೆಟ್ಟವು

ಘಟನೆ ನಡೆದ ಮೊದಲ ಹತ್ತು ನಿಮಿಷಕ್ಕೆ ಇದನ್ನು ಮೀರಿಸುವ ಸೇವೆ ಇವತ್ತಿಗೂ ಕಡಿಮೆ. ಆ ಹತ್ತು ನಿಮಿಷ ಎಷ್ಟು ಅಪಾಯದ್ದು ಎಂಬುದಕ್ಕೂ ಇದೇ ಸಾಕ್ಷಿ. 2013ರ ಏಪ್ರಿಲ್ 23ರಂದು ಸುದ್ದಿ ಏಜೆನ್ಸಿ ಅಸೋಸಿಯೇಟೆಡ್ ಪ್ರೆಸ್‌ನ (ಎಪಿ) ಟ್ವಿಟರ್ ಖಾತೆಗೆ ಕನ್ನ ಹಾಕಿದವರು ಶ್ವೇತಭವನದಲ್ಲಿ ಸ್ಫೋಟ ಎಂದು ಬರೆದರು. ಅಮೆರಿಕದ ಷೇರುಪೇಟೆಯ ಡೌ ಸೂಚ್ಯಂಕ 140ಕ್ಕೂ ಹೆಚ್ಚು ಅಂಶ ಕುಸಿದು ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಂಡಿತು. ಅಷ್ಟು ಬೇಗ ಸರಿಹೋಗಲು ಕಾರಣ, ಎಪಿಗೆ ತನ್ನದೇ ತಂತಿಜಾಲವಿತ್ತು, ಸಿಬ್ಬಂದಿಯಿದ್ದರು, ಸುಳ್ಳು ಎಂದು ಬೇರೆ ದಾರಿಯಲ್ಲಿ ಹೇಳಲು ಸಾಧ್ಯವಾಯಿತು. 2023ರ ಮೇ 22ರಂದು ಪೆಂಟಗನ್ ಬಳಿ ಸ್ಫೋಟ ಎಂಬ ಎಐ ಚಿತ್ರ ಹಬ್ಬಿದಾಗ ಅದನ್ನು ಹಂಚಿದವುಗಳಲ್ಲಿ ನೀಲಿ ಟಿಕ್ ಇದ್ದ ಖಾತೆಗಳೂ ಇದ್ದವು. ಅದಾಗಲೇ ನೀಲಿ ಟಿಕ್ ಅಂದರೆ ಚಂದಾದಾರ ಎಂದಷ್ಟೇ ಅರ್ಥ. ಹಳೆಯ ಪರಿಶೀಲಿತ ಟಿಕ್‌ಗಳನ್ನು ಹಿಂದಿನ ತಿಂಗಳೇ ತೆಗೆದಿದ್ದರು. ಓದುಗರ ಕಣ್ಣಿಗೆ ಮಾತ್ರ ಅದು ಇನ್ನೂ ‘ಖಚಿತ’ ಎಂದೇ ಕಾಣುತ್ತಿತ್ತು.

2023ರ ಅಕ್ಟೋಬರ್‌ನಲ್ಲಿ ಲಿಂಕ್ ಕಾರ್ಡುಗಳಿಂದ ತಲೆಬರಹವನ್ನೇ ತೆಗೆದರು. ಪತ್ರಿಕೆಯ ಚಿತ್ರವಷ್ಟೇ ಉಳಿದು, ಅದರ ಮೇಲೆ ಹಂಚುವವರು ತಮಗೆ ತೋಚಿದ್ದು ಬರೆದರೆ ಅದೇ ಸುದ್ದಿಯಂತೆ ಕಾಣತೊಡಗಿತು. ಆಮೇಲೆ ಚಿಕ್ಕ ಅಕ್ಷರದಲ್ಲಿ ವಾಪಸ್ ತಂದರು. ಹೊರಗಿನ ಲಿಂಕ್ ಇರುವ ಪೋಸ್ಟ್ ಕಡಿಮೆ ಜನರಿಗೆ ಕಾಣುತ್ತದೆ, ಲಿಂಕನ್ನು ಕೆಳಗೆ ರಿಪ್ಲೈನಲ್ಲಿ ಹಾಕಿ ಎಂದು ಮಾಲೀಕರೇ 2024ರಲ್ಲಿ ಸಲಹೆ ಕೊಟ್ಟರು. ಹೀಗಾಗಿ ಅಲ್ಲಿ ಸುದ್ದಿ ಇರುತ್ತದೆ, ಸುದ್ದಿಯ ಮೂಲ ಒಂದು ಮಜಲು ಕೆಳಗಿರುತ್ತದೆ.

ಒಳ್ಳೆಯ ಗುಣ ಕಮ್ಯುನಿಟಿ ನೋಟ್ಸ್, ಅಂದರೆ ಪೋಸ್ಟಿನ ತಪ್ಪು ತೋರಿಸಿ ಬಳಕೆದಾರರೇ ಬರೆಯುವ ಟಿಪ್ಪಣಿ. 2021ರಲ್ಲಿ ಬರ್ಡ್‌ವಾಚ್ ಎಂಬ ಹೆಸರಿನಲ್ಲಿ ಶುರುವಾದದ್ದು. ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಒಪ್ಪದ ಎರಡು ಬಣದವರೂ ಟಿಪ್ಪಣಿ ಉಪಯುಕ್ತ ಎಂದರೆ ಮಾತ್ರ ಅದು ಪೋಸ್ಟಿನ ಕೆಳಗೆ ಕಾಣುತ್ತದೆ. ಇಲ್ಲಿ ಮೆಚ್ಚಬೇಕಾದ ಅಂಶ ಬೇರೆಯದು: ಟಿಪ್ಪಣಿ ಬಂದಾಗ, ಆ ಪೋಸ್ಟನ್ನು ಮೊದಲೇ ಲೈಕ್ ಮಾಡಿದವರಿಗೆ, ಮರುಹಂಚಿದವರಿಗೆ, ಉತ್ತರಿಸಿದವರಿಗೆ ನೋಟಿಫಿಕೇಶನ್ ಹೋಗುತ್ತದೆ. ಅಂದರೆ ತಿದ್ದುಪಡಿಯನ್ನು ಓದುಗರ ಹಿಂದೆ ಕಳಿಸುವ ಪ್ರಯತ್ನ. ಆದರೆ ಸುಮ್ಮನೆ ಓದಿ ಮುಂದೆ ಸರಿದವರಿಗೆ, ಅಂದರೆ ಬಹುಪಾಲು ಜನಕ್ಕೆ, ಏನೂ ಹೋಗುವುದಿಲ್ಲ. ಎರಡೂ ಬಣ ಒಪ್ಪುವವರೆಗೆ ಕಾಯಬೇಕಾದ್ದರಿಂದ ತಡವೂ ಆಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಎಷ್ಟೋ ತಕರಾರಿನ ವಿಷಯಗಳಲ್ಲಿ ಒಪ್ಪಿಗೆಯೇ ಆಗದೆ ಟಿಪ್ಪಣಿ ಕಾಣುವುದೂ ಇಲ್ಲ.

ಬಳಸುವವರು ‘ಫಾರ್ ಯೂ’ ಬಿಟ್ಟು ‘ಫಾಲೋಯಿಂಗ್’ಗೆ ಬನ್ನಿ. ಅದಕ್ಕಿಂತ ಒಳ್ಳೆಯದು ಲಿಸ್ಟ್: ಒಂದು ವಿಷಯಕ್ಕೆ ಇಪ್ಪತ್ತು ಮೂವತ್ತು ವರದಿಗಾರರನ್ನು ಸೇರಿಸಿ ಪಿನ್ ಮಾಡಿಟ್ಟುಕೊಳ್ಳಿ. ಸಂಸ್ಥೆಗಳ ಖಾತೆಗಿಂತ ವರದಿಗಾರರ ಖಾತೆ ವಾಸಿ. ತಮ್ಮ ತಪ್ಪನ್ನು ಅದೇ ಥ್ರೆಡ್‌ನಲ್ಲಿ ಒಪ್ಪಿಕೊಳ್ಳುವವರು ಅವರೇ ಹೆಚ್ಚು. ಐದರಲ್ಲಿ ಎರಡು, ಅದೂ ನೋಟ್ಸ್‌ನಿಂದಾಗಿ.

ವಾಟ್ಸ್‌ಆ್ಯಪ್ ಫಾರ್ವರ್ಡ್

ಫಾರ್ವರ್ಡ್ ಮಾಡಬಹುದಾದ ಚಾಟ್‌ಗಳ ಮಿತಿ ಜಗತ್ತಿನಾದ್ಯಂತ ಐದಕ್ಕೆ ಇಳಿದದ್ದು 2019ರ ಜನವರಿಯಲ್ಲಿ. ಬಹಳ ಸಲ ದಾಟಿ ಬಂದ ಸಂದೇಶಕ್ಕೆ ಒಂದೇ ಚಾಟ್ ಎಂಬ ಮಿತಿ 2020ರ ಏಪ್ರಿಲ್‌ನಲ್ಲಿ. ಎರಡು ಬಾಣದ ಗುರುತು ಕಂಡರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಈ ಗುರುತಿಗೆ ಒಂದು ದೊಡ್ಡ ತೂತು ಇದೆ: ಪಠ್ಯವನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ ಬಾಣ ಮಾಯ, ಸಂದೇಶ ಕಳಿಸಿದವರೇ ಬರೆದಂತೆ ಕಾಣುತ್ತದೆ. ಫೋಟೊ ಎಂದು ಕಳಿಸಿದ ಚಿತ್ರದಲ್ಲಿ ಕ್ಯಾಮೆರಾ ಬರೆದಿಟ್ಟ ದಿನಾಂಕ, ಸ್ಥಳದ ಮಾಹಿತಿಯೂ ಕಳಚಿಹೋಗುತ್ತದೆ. ಖಾಸಗಿತನಕ್ಕೆ ಅದು ಒಳ್ಳೆಯದೇ, ಸುದ್ದಿಗೆ ಅಲ್ಲ.

ಬಂದ ಚಿತ್ರ ಹಳೆಯದೋ ಎಂದು ನೋಡಲು ಎರಡು ನಿಮಿಷ ಸಾಕು. ಚಿತ್ರ ಸೇವ್ ಮಾಡಿ, ಮೇಲಿನ ಬರಹವನ್ನು ಕ್ರಾಪ್ ಮಾಡಿ ತೆಗೆಯಿರಿ. ಬರಹ ಇದ್ದರೆ ಹುಡುಕಾಟ ಅದರ ಬೆನ್ನು ಹತ್ತುತ್ತದೆ. ಆಮೇಲೆ ಚಿತ್ರದಿಂದಲೇ ಹುಡುಕುವ ಸೇವೆಗಳಾದ ಗೂಗಲ್ ಲೆನ್ಸ್‌ಗೆ ಒಂದು ಸಲ, ಟಿನ್‌ಐಗೆ ಒಂದು ಸಲ ಕೊಡಿ. ಟಿನ್‌ಐಯಲ್ಲಿ ಫಲಿತಾಂಶವನ್ನು ಹಳೆಯದು ಮೊದಲು ಬರುವಂತೆ ಜೋಡಿಸಬಹುದು, ಇಲ್ಲಿ ಬೇಕಾದದ್ದು ಅದೇ. ಏನೂ ಸಿಗದಿದ್ದರೆ ಚಿತ್ರವನ್ನು ಅಡ್ಡಡ್ಡ ತಿರುಗಿಸಿ, ಅಂದರೆ ಎಡ ಬಲ ಅದಲುಬದಲು ಮಾಡಿ, ಮತ್ತೊಮ್ಮೆ ಕೊಡಿ. ಹುಡುಕಾಟ ತಪ್ಪಿಸಲು ಹೀಗೆ ತಿರುಗಿಸಿ ಹಂಚುವುದುಂಟು. ವಿಡಿಯೊ ಆದರೆ ಇನ್‌ವಿಡ್ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಮುಖ್ಯ ಫ್ರೇಮುಗಳನ್ನು ಬಿಡಿಸಿಕೊಡುತ್ತದೆ, ಒಂದೊಂದನ್ನೇ ಹುಡುಕಬಹುದು. ಹೊಸ ಎಐ ಚಿತ್ರಕ್ಕೆ ಈ ವಿಧಾನ ಕೆಲಸ ಮಾಡುವುದಿಲ್ಲ. ಹಳೆಯ ಪ್ರತಿಯೇ ಇಲ್ಲದಿದ್ದರೆ ಹುಡುಕಿದರೂ ಏನು ಸಿಗಬೇಕು? ಅಲ್ಲಿ ಕೇಳಬೇಕಾದ್ದು ಅದೇ ಘಟನೆಯ ಇನ್ನೊಂದು ಕೋನದ ಚಿತ್ರ ಯಾರ ಬಳಿಯಾದರೂ ಇದೆಯೇ ಎಂದು.

ಅಂಕ ಕೊಡುವ ಪ್ರಶ್ನೆಯೇ ಇಲ್ಲ. ಇದು ಸುದ್ದಿ ಸೇವೆಯಾಗಲು ಮಾಡಿದ್ದಲ್ಲ.

ವಿಡಿಯೊ

ಯೂಟ್ಯೂಬ್‌ನಲ್ಲಿ ಏರಿಸಿದ ವಿಡಿಯೊವನ್ನು ಅದೇ ವಿಳಾಸದಲ್ಲಿ ಬೇರೆ ವಿಡಿಯೊದಿಂದ ಬದಲಿಸಲು ಬರುವುದಿಲ್ಲ. ಒಂದಿಷ್ಟು ಭಾಗ ಕತ್ತರಿಸಬಹುದು, ವಿವರಣೆಯಲ್ಲಿ ತಿದ್ದುಪಡಿ ಬರೆಯಬಹುದು. ವಿವರಣೆ ಬಿಡಿಸಿ ಓದುವವರು ಎಷ್ಟು ಜನ ಎಂಬುದು ಗೊತ್ತಿರುವ ವಿಚಾರವೇ. ಶಾರ್ಟ್ಸ್, ರೀಲ್ಸ್‌ಗಳಲ್ಲಿ ಅದೂ ಕಾಣುವುದಿಲ್ಲ. ವಾಚ್ ಹಿಸ್ಟರಿ ಆಫ್ ಮಾಡಿ ಹಳೆಯದನ್ನು ಅಳಿಸಿದರೆ ಹೋಮ್ ಪುಟದ ಶಿಫಾರಸುಗಳು ಖಾಲಿಯಾಗುತ್ತವೆ, ಸಬ್‌ಸ್ಕ್ರಿಪ್ಶನ್ಸ್ ಟ್ಯಾಬ್ ಒಂದೇ ಉಳಿಯುತ್ತದೆ. ಸುದ್ದಿ ನೋಡುವವರಿಗೆ ಅಷ್ಟು ಸಾಕು.

ಆ್ಯಗ್ರಿಗೇಟರ್‌ಗಳು: ಇಪ್ಪತ್ತು ಲಿಂಕ್, ಒಂದೇ ವರದಿ

ಗೂಗಲ್ ನ್ಯೂಸ್ 2002ರ ಸೆಪ್ಟೆಂಬರ್‌ನಲ್ಲಿ ಬಂತು. ಹಿಂದಿನ ವರ್ಷದ ಸೆಪ್ಟೆಂಬರ್ 11ರ ದಾಳಿಯ ನಂತರ, ಒಂದೇ ಘಟನೆಯ ಬೇರೆ ಬೇರೆ ವರದಿಗಳನ್ನು ಒಟ್ಟಿಗೆ ತೋರಿಸಬೇಕೆಂಬ ಯೋಚನೆಯಿಂದ ಕೃಷ್ಣ ಭರತ್ ಕಟ್ಟಿದ್ದು. ಯೋಚನೆ ಒಳ್ಳೆಯದೇ. ‘ಫುಲ್ ಕವರೇಜ್’ ತೆರೆದರೆ ಇಪ್ಪತ್ತು ಮೂವತ್ತು ಪತ್ರಿಕೆಗಳ ಹೆಸರು ಬರುತ್ತದೆ, ಇಷ್ಟು ಮಂದಿ ಹೇಳಿದರೆ ಖಚಿತ ಎನಿಸುತ್ತದೆ. ಮೋಸ ಇರುವುದು ಅಲ್ಲೇ. ಎಷ್ಟೋ ಸಲ ಅದರಲ್ಲಿ ಹೆಚ್ಚಿನವು ರಾಯಿಟರ್ಸ್, ಎಪಿ ಅಥವಾ ಎಎಫ್‌ಪಿ ಎಂಬ ಸುದ್ದಿ ಏಜೆನ್ಸಿಗಳು ಕಳಿಸಿದ ಒಂದೇ ಕಾಪಿಯ ಪ್ರತಿಗಳು. ಏಜೆನ್ಸಿ ತಪ್ಪಿದರೆ ಇಪ್ಪತ್ತೂ ತಪ್ಪುತ್ತವೆ. ಏಜೆನ್ಸಿ ತಿದ್ದುಪಡಿ ಕಳಿಸಿದಾಗ ಎಲ್ಲರೂ ಅದನ್ನು ಹಾಕಿಕೊಳ್ಳುವುದಿಲ್ಲ; ಕಾಪಿಯನ್ನು ಕೈಯಾರೆ ಬದಲಿಸಿ ಪ್ರಕಟಿಸಿದ ತಾಣದಲ್ಲಿ ಹಳೆಯದೇ ಉಳಿಯುತ್ತದೆ. ಗೊಂಚಲಿನಲ್ಲಿ ತಿದ್ದಿದ್ದೂ ತಿದ್ದದ್ದೂ ಅಕ್ಕಪಕ್ಕ ಇರುತ್ತವೆ, ಯಾವುದು ಯಾವುದೆಂದು ಹೇಳುವ ಗುರುತಿಲ್ಲ.

ಪರೀಕ್ಷೆ ಸುಲಭ. ಮೂರು ವರದಿ ತೆರೆದು ಬೈಲೈನ್ (ಬರೆದವರ ಹೆಸರಿನ ಸಾಲು) ನೋಡಿ, ಮೊದಲ ಪ್ಯಾರಾ ಮತ್ತು ಉಲ್ಲೇಖಗಳನ್ನು ಹೋಲಿಸಿ. ಅದೇ ಉಲ್ಲೇಖ, ಅದೇ ಅನುಕ್ರಮ ಇದ್ದರೆ ಅದು ಒಂದು ಮೂಲ, ಮೂರಲ್ಲ. ಯಾರ ವರದಿಗಾರರು ಸ್ಥಳದಲ್ಲಿದ್ದರು ಎಂಬುದು ಡೇಟ್‌ಲೈನ್‌ನಲ್ಲಿ, ಅಂದರೆ ವರದಿಯ ಆರಂಭದ ಊರಿನ ಹೆಸರಿನಲ್ಲಿ, ಗೊತ್ತಾಗುತ್ತದೆ. ಅಂಥ ಒಂದು ವರದಿ ಉಳಿದ ಹತ್ತೊಂಬತ್ತಕ್ಕೆ ಸಮ.

ತಾರೀಖಿನ ಆಟವನ್ನೂ ತಿಳಿದಿರಬೇಕು. ‘2 ಗಂಟೆ ಹಿಂದೆ’ ಎಂದು ಕಂಡರೆ ಅದು ಘಟನೆಯ ಸಮಯವಲ್ಲ, ಮೊದಲು ಪ್ರಕಟವಾದ ಸಮಯವೂ ಆಗಿರಬೇಕಿಲ್ಲ. ಪುಟದಲ್ಲಿ ಪ್ರಕಟಣೆಯ ದಿನಾಂಕ, ಪರಿಷ್ಕರಣೆಯ ದಿನಾಂಕ ಎಂದು ಎರಡು ಇರುತ್ತವೆ. ಒಂದು ಅಲ್ಪವಿರಾಮ ಬದಲಿಸಿ ಎರಡನೆಯದನ್ನು ಹೊಸದಾಗಿಸುವ ತಾಣಗಳಿವೆ. ಹಾಗೆ ಕೃತಕವಾಗಿ ತಾಜಾ ಮಾಡಬೇಡಿ ಎಂದು ಗೂಗಲ್ ತನ್ನ ನಿಯಮದಲ್ಲೇ ಬರೆದಿದೆ, ಅಂದರೆ ಮಾಡುವವರು ಇದ್ದಾರೆ. ಅನುಮಾನ ಬಂದರೆ ಲಿಂಕಿನ ವಿಳಾಸದಲ್ಲಿ ವರ್ಷ ತಿಂಗಳು ಇದೆಯೇ ನೋಡಿ. ಇಲ್ಲದಿದ್ದರೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾದಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ವಿಳಾಸ ಅಂಟಿಸಿ. ಕ್ಯಾಲೆಂಡರಿನಲ್ಲಿ ಪುಟ ಮೊದಲು ಸಿಕ್ಕ ದಿನ ಕಾಣುತ್ತದೆ. ಅಲ್ಲೇ ‘ಚೇಂಜಸ್’ ಎಂಬ ಕೊಂಡಿಯಲ್ಲಿ ಎರಡು ಪ್ರತಿಗಳನ್ನು ಆರಿಸಿದರೆ ಯಾವ ಸಾಲು ಹೋಯಿತು, ಯಾವುದು ಬಂತು ಎಂಬುದನ್ನು ಬಣ್ಣ ಹಚ್ಚಿ ತೋರಿಸುತ್ತದೆ. ಸದ್ದಿಲ್ಲದೆ ಮಾಡಿದ ತಿದ್ದುಪಡಿ ಹಿಡಿಯಲು ಇದಕ್ಕಿಂತ ಸುಲಭದ ಸಾಧನ ಸಾಮಾನ್ಯ ಓದುಗರಿಗೆ ಸಿಗುವುದಿಲ್ಲ.

ಗೂಗಲ್ ಡಿಸ್ಕವರ್ ಬೇರೆಯೇ ಜಾತಿ. ಅದು ಕೇಳದೆಯೇ ತಂದು ಹಾಕುತ್ತದೆ, ನಿಮ್ಮ ಆಸಕ್ತಿಯ ಲೆಕ್ಕದಲ್ಲಿ, ಹಳೆಯದೂ ಹೊಸದೂ ಕಲಸಿ. ಮಾಹಿತಿಯನ್ನು ಮುಚ್ಚಿಟ್ಟು ಕುತೂಹಲ ಕೆರಳಿಸುವ ತಲೆಬರಹಕ್ಕೆ ಅಲ್ಲಿ ಬೆಳೆ ಚೆನ್ನಾಗಿದೆ. ಗೂಗಲ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಆಫ್ ಮಾಡಬಹುದು. ಮಾಡಿ.

ಆ್ಯಪಲ್ ನ್ಯೂಸ್‌ನಲ್ಲಿ ಮನುಷ್ಯ ಸಂಪಾದಕರಿದ್ದಾರೆ, ಮುಖ್ಯ ಸುದ್ದಿಗಳ ಆಯ್ಕೆಯಲ್ಲಿ ಅದು ಎದ್ದು ಕಾಣುತ್ತದೆ. ಆದರೆ ಅದೇ ಕಂಪನಿ 2024ರಲ್ಲಿ ನೋಟಿಫಿಕೇಶನ್‌ಗಳನ್ನು ಎಐನಿಂದ ಸಂಕ್ಷೇಪಿಸಲು ಹೊರಟಾಗ, ಕೊಲೆ ಆರೋಪಿಯೊಬ್ಬ ತನಗೆ ತಾನೇ ಗುಂಡು ಹಾರಿಸಿಕೊಂಡ ಎಂದು ಬಿಬಿಸಿಯ ಹೆಸರಿನಡಿ ಹಸಿ ಸುಳ್ಳು ಹೋಯಿತು. ಬಿಬಿಸಿ ಹಾಗೆ ಬರೆದೇ ಇರಲಿಲ್ಲ. ಅದು ದೂರು ಕೊಟ್ಟಿತು, 2025ರ ಜನವರಿಯಲ್ಲಿ ಸುದ್ದಿ ಆ್ಯಪ್‌ಗಳಿಗೆ ಆ ಸೌಲಭ್ಯವನ್ನು ನಿಲ್ಲಿಸಿದರು. ಪತ್ರಿಕೆ ಮಾಡದ ತಪ್ಪನ್ನು ಪತ್ರಿಕೆ ಹೇಗೆ ತಿದ್ದಬೇಕು? ಎಐ ಚಾಟ್‌ಬಾಟ್‌ಗಳ ಸುದ್ದಿ ಉತ್ತರದಲ್ಲೂ ಇದೇ ಕಥೆ. ಬಿಬಿಸಿ ಮತ್ತು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಸೇರಿ 18 ದೇಶಗಳ 22 ಪ್ರಸಾರ ಸಂಸ್ಥೆಗಳ ಮೂಲಕ ಪರೀಕ್ಷಿಸಿ 2025ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯಂತೆ, ಶೇ 45ರಷ್ಟು ಉತ್ತರಗಳಲ್ಲಿ ಕನಿಷ್ಠ ಒಂದು ಗಂಭೀರ ದೋಷವಿತ್ತು. ಶೇ 31ರಲ್ಲಿ ಮೂಲ ಸೂಚಿಸುವುದರಲ್ಲೇ ಎಡವಟ್ಟು.

ಆ್ಯಗ್ರಿಗೇಟರ್‌ಗಳ ಆಯುಷ್ಯವೂ ಕಡಿಮೆ. ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿತು. ಸ್ಪೇನ್‌ನಲ್ಲಿ ಗೂಗಲ್ ನ್ಯೂಸ್ 2014ರಿಂದ 2022ರವರೆಗೆ ಇರಲೇ ಇಲ್ಲ. ಇನ್‌ಸ್ಟಾಗ್ರಾಂ ಸ್ಥಾಪಕರೇ ಕಟ್ಟಿದ ಆರ್ಟಿಫ್ಯಾಕ್ಟ್ ಒಂದು ವರ್ಷದಲ್ಲೇ ಅಂಗಡಿ ಮುಚ್ಚುವುದಾಗಿ 2024ರ ಜನವರಿಯಲ್ಲಿ ಹೇಳಿತು. ಒಟ್ಟಾರೆ ಆ್ಯಗ್ರಿಗೇಟರ್‌ಗಳಿಗೆ ಐದರಲ್ಲಿ ಎರಡೂವರೆ. ಹೋಲಿಸಿ ನೋಡುವ ತಾಳ್ಮೆ ಇರುವವರಿಗೆ ಮೂರು.

‘ಗುಳ್ಳೆ’ಯ ಬಗ್ಗೆ ಒಂದು ಮಾತು

ಅಲ್ಗಾರಿದಮ್ ನಮ್ಮನ್ನು ಒಂದೇ ಅಭಿಪ್ರಾಯದ ಗುಳ್ಳೆಯೊಳಗೆ ಕೂಡಿಹಾಕುತ್ತದೆ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಸಾಕ್ಷ್ಯ ಅಷ್ಟು ಗಟ್ಟಿಯಿಲ್ಲ. 2020ರ ಅಮೆರಿಕ ಚುನಾವಣೆಯ ವೇಳೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಕೆದಾರರಲ್ಲಿ ಕೆಲವರಿಗೆ ಸಮಯದ ಕ್ರಮದ ಫೀಡ್ ಕೊಟ್ಟು ಮಾಡಿದ ಪ್ರಯೋಗ 2023ರಲ್ಲಿ ‘ಸೈನ್ಸ್’ನಲ್ಲಿ ಬಂತು: ಜನ ಆ್ಯಪ್‌ನಲ್ಲಿ ಕಳೆಯುವ ಹೊತ್ತು ಕಡಿಮೆಯಾಯಿತು, ಆದರೆ ರಾಜಕೀಯದ ಮತ್ತು ನಂಬಲರ್ಹವಲ್ಲದ ಮೂಲಗಳ ಪೋಸ್ಟುಗಳು ಹೆಚ್ಚಾದವು, ರಾಜಕೀಯ ನಿಲುವಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಆದ್ದರಿಂದ ಮೇಲೆ ಹೇಳಿದ ‘ಫೀಡ್ಸ್’, ‘ಫಾಲೋಯಿಂಗ್’ ಟ್ಯಾಬ್‌ಗಳನ್ನು ಸಂಜೀವಿನಿ ಎಂದುಕೊಳ್ಳಬೇಡಿ. ಯಾರನ್ನು ಫಾಲೋ ಮಾಡುತ್ತೀರಿ ಎಂಬುದು ಕ್ರಮಕ್ಕಿಂತ ದೊಡ್ಡ ವಿಷಯ.

ಬದಲಿಗೆ ಏನು: ಆರ್‌ಎಸ್‌ಎಸ್

1999ರಿಂದ ಇರುವ, ಯಾರದ್ದೂ ಸ್ವತ್ತಲ್ಲದ ಆರ್‌ಎಸ್‌ಎಸ್ ಫೀಡ್ ಇವತ್ತಿಗೂ ಈ ಕೆಲಸಕ್ಕೆ ಸರಿಯಾದ ಸಾಧನ. ತಾಣವೊಂದು ತನ್ನ ಹೊಸ ಬರಹಗಳ ಪಟ್ಟಿಯನ್ನು ಯಂತ್ರಗಳು ಓದುವಂತೆ ಕೊಡುವ ಕಡತ ಇದು; ಅಂಥ ಫೀಡುಗಳನ್ನು ತಂದು ಒಂದೆಡೆ ತೋರಿಸುವ ತಂತ್ರಾಂಶವೇ ರೀಡರ್. ರೀಡರ್‌ಗಳಲ್ಲಿ ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್ ಬ್ರೌಸರ್‌ನಲ್ಲಿ ನಡೆಯುತ್ತವೆ. ಆ್ಯಪಲ್ ಸಾಧನಗಳಿಗೆ ನೆಟ್‌ನ್ಯೂಸ್‌ವೈರ್ ಉಚಿತ. ಸ್ವಂತ ಸರ್ವರ್ ಇರುವವರಿಗೆ ಫ್ರೆಶ್‌ಆರ್‌ಎಸ್‌ಎಸ್. ಪತ್ರಿಕೆಯ ತಾಣದ ವಿಳಾಸ ಅಂಟಿಸಿದರೆ ರೀಡರ್ ಬಹಳ ಸಲ ಫೀಡನ್ನು ತಾನೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ, ವರ್ಡ್‌ಪ್ರೆಸ್ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷ್ ಅಕ್ಷರದಲ್ಲಿ ‘ಫೀಡ್’ ಎಂದು ಬರೆಯಿರಿ.

ಶುರುವಿಗೆ ಹದಿನೈದು ಇಪ್ಪತ್ತು ಫೀಡ್ ಸಾಕು. ಪತ್ರಿಕೆಯ ‘ಎಲ್ಲ ಸುದ್ದಿ’ ಫೀಡ್ ಹಾಕಿಕೊಂಡರೆ ದಿನಕ್ಕೆ ನೂರಾರು ಬಂದು ಮೂರೇ ದಿನದಲ್ಲಿ ಬೇಸರವಾಗುತ್ತದೆ. ಆರ್‌ಎಸ್‌ಎಸ್ ಬಿಟ್ಟವರಲ್ಲಿ ಹೆಚ್ಚಿನವರು ಬಿಡುವುದು ಈ ಕಾರಣಕ್ಕೇ. ವಿಭಾಗದ ಫೀಡ್ ಆರಿಸಿ, ಅಥವಾ ಒಬ್ಬ ವರದಿಗಾರರ ಪುಟದ ಫೀಡ್. ಮುಖ್ಯವಾಗಿ ತಿದ್ದುಪಡಿ ಅಂಕಣವನ್ನೇ ಒಂದು ಫೀಡಾಗಿ ಸೇರಿಸಿ. ಗಾರ್ಡಿಯನ್ ತಾಣದಲ್ಲಿ ಯಾವ ವಿಭಾಗದ ವಿಳಾಸದ ಕೊನೆಗೂ ಓರೆಗೆರೆ, ‘ಆರ್‌ಎಸ್‌ಎಸ್’ ಸೇರಿಸಿದರೆ ಫೀಡ್ ಸಿಗುತ್ತದೆ. ಅದರ ‘ಕರೆಕ್ಷನ್ಸ್ ಆ್ಯಂಡ್ ಕ್ಲಾರಿಫಿಕೇಶನ್ಸ್’ ಪುಟಕ್ಕೂ ಇದು ನಡೆಯುತ್ತದೆ. ನೀವು ಓದುವ ಪತ್ರಿಕೆಗೆ ಅಂಥ ಪುಟವೇ ಇಲ್ಲವಾದರೆ ಅದೂ ಒಂದು ಮಾಹಿತಿಯೇ.

ಕೊರತೆಗಳಿಲ್ಲ ಎಂದಲ್ಲ. ಅನೇಕ ಪತ್ರಿಕೆಗಳು ಫೀಡಿನಲ್ಲಿ ಎರಡು ಸಾಲು ಮಾತ್ರ ಕೊಡುತ್ತವೆ, ಉಳಿದದ್ದು ಹಣ ಕೊಟ್ಟರಷ್ಟೇ ತೆರೆಯುವ ಪೇವಾಲ್ ಹಿಂದೆ. ಆರ್‌ಎಸ್‌ಎಸ್ 2.0 ಮಾದರಿಯಲ್ಲಿ ಒಂದೊಂದು ಬರಹಕ್ಕೂ ಪ್ರಕಟಣೆಯ ದಿನಾಂಕವಷ್ಟೇ ಇರುತ್ತದೆ, ಪರಿಷ್ಕರಣೆಯ ದಿನಾಂಕಕ್ಕೆ ಪ್ರತ್ಯೇಕ ಜಾಗವಿಲ್ಲ. 2005ರಲ್ಲಿ ಪ್ರಮಾಣಿತವಾದ ಆ್ಯಟಮ್ ಎಂಬ ಇನ್ನೊಂದು ಫೀಡ್ ಮಾದರಿಯಲ್ಲಿ ಅದು ಕಡ್ಡಾಯ. ಎರಡೂ ಸಿಗುವಲ್ಲಿ ಆ್ಯಟಮ್ ಆರಿಸಿಕೊಳ್ಳಿ. ಒಮ್ಮೆ ಓದಿದ್ದನ್ನು ಪತ್ರಿಕೆ ತಿದ್ದಿದರೆ ಎಲ್ಲ ರೀಡರ್‌ಗಳೂ ತಿಳಿಸುವುದಿಲ್ಲ. ನ್ಯೂಸ್‌ಬ್ಲರ್‌ನಲ್ಲಿ ಬರಹ ಎಲ್ಲಿ ಬದಲಾಯಿತು ಎಂದು ತೋರಿಸುವ ಸೌಲಭ್ಯವಿದೆ. ಫ್ರೆಶ್‌ಆರ್‌ಎಸ್‌ಎಸ್‌ನಲ್ಲಿ, ತಿದ್ದಿದ ಬರಹವನ್ನು ಮತ್ತೆ ‘ಓದಿಲ್ಲ’ ಎಂದು ಗುರುತಿಸುವ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ ಬೆಳಿಗ್ಗೆ ಓದಿದ ವರದಿ ಮಧ್ಯಾಹ್ನ ತಿದ್ದಿದಾಗ ದಪ್ಪಕ್ಷರದಲ್ಲಿ ಮತ್ತೆ ಎದುರಿಗೆ ಬರುತ್ತದೆ. ಎಲ್ಲ ಫೀಡಿಗೂ ಹಾಕಬೇಡಿ, ಜಾಹೀರಾತಿನ ಸಾಲು ಬದಲಾದರೂ ಬರಹ ಮೇಲೆದ್ದು ಬರುತ್ತದೆ. ನಾಲ್ಕೈದು ಮುಖ್ಯ ಫೀಡಿಗೆ ಹಾಕಿ, ವಾರ ನೋಡಿ, ಗದ್ದಲ ಮಾಡುವುದನ್ನು ತೆಗೆಯಿರಿ. ತಾಣ ಹೊಸ ವಿನ್ಯಾಸಕ್ಕೆ ಹೋದಾಗ ಫೀಡ್ ಸದ್ದಿಲ್ಲದೆ ಸಾಯುವುದುಂಟು. ಮೂರು ತಿಂಗಳಿಗೊಮ್ಮೆ ಪಟ್ಟಿಯಲ್ಲಿ ದೋಷದ ಗುರುತು ಇರುವವನ್ನು ಹುಡುಕಿ ಹೊಸ ವಿಳಾಸ ಕೊಡಿ, ಆಗಲೇ ಇಡೀ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ನಾಳೆ ರೀಡರ್ ಮುಚ್ಚಿದರೂ ಆ ಕಡತವನ್ನು ಇನ್ನೊಂದಕ್ಕೆ ಇಂಪೋರ್ಟ್ ಮಾಡಲು ಒಂದು ನಿಮಿಷ ಸಾಕು.